ಬೆಂಕಿಪುರದ ಕುಲುಮೆ

ಕೇಳುಗರಿಗೆ ನಮಸ್ಕಾರ.

ಭದ್ರಾವತಿಗೆ ಹಿಂದೆ ಬೆಂಕಿಪುರ ಅನ್ನುವ ಹೆಸರಿತ್ತು. ಹೆಸರು ಮೊದಲೇ ಇತ್ತು, ಬೆಂಕಿ ಆಮೇಲೆ ಬಂತು. 1923ರ ಜನವರಿಯಲ್ಲಿ ಮೈಸೂರು ಕಬ್ಬಿಣದ ಕಾರ್ಖಾನೆಯ ಊದುಕುಲುಮೆ ಹೊತ್ತಿಕೊಂಡಿತು.

ಸರ್ ಎಂ. ವಿಶ್ವೇಶ್ವರಯ್ಯನವರ ಹಂಬಲ ಅದು. ನಮ್ಮ ನಾಡಿನಲ್ಲಿ ಕಲ್ಲಿದ್ದಲಿಲ್ಲ. ಹಾಗಾಗಿ ಮಲೆನಾಡಿನ ಕಟ್ಟಿಗೆಯಿಂದ ಇದ್ದಿಲು ಮಾಡಿ, ಕೆಮ್ಮಣ್ಣುಗುಂಡಿಯ ಅದಿರು ಕರಗಿಸಿದರು. ನೀರಿಗೆ ಪಕ್ಕದಲ್ಲೇ ಭದ್ರೆ. ಎಷ್ಟು ಕಾಡು ಇದಕ್ಕೆ ಉರಿದುಹೋಯಿತು ಅನ್ನುವುದನ್ನೂ ನಾವು ಮರೆಯಬಾರದು. ಮುಂದೆ ಉಕ್ಕು ಬಂತು, ಸಿಮೆಂಟು ಬಂತು. 1936ರಲ್ಲಿ ಕಾಗದದ ಕಾರ್ಖಾನೆಯೂ ಹುಟ್ಟಿತು. ಆ ಭಾಗಕ್ಕೆ ಪೇಪರ್ ಟೌನ್ ಅಂತಲೇ ಹೆಸರು.

ನಮ್ಮ ತಂದೆ ಕಬ್ಬಿಣ ಎರಕ ಹೊಯ್ಯುವ ವಿಭಾಗದಲ್ಲಿದ್ದರು. ಅವರ ಖಾಕಿ ಅಂಗಿಯ ತೋಳಿನ ತುಂಬ ಸಾಸಿವೆ ಕಾಳಿನಷ್ಟು ತೂತುಗಳು, ಕಿಡಿ ಹಾರಿ ಆದದ್ದು. ಅಮ್ಮ ಅಂಗಿಯನ್ನು ಬೆಳಕಿಗೆ ಹಿಡಿದು ಹೊಸ ತೂತು ಯಾವುದು ಅಂತ ಹುಡುಕುತ್ತಿದ್ದರು. ಸಿಕ್ಕರೆ ಅಪ್ಪನ ತೋಳನ್ನೂ ಹಿಡಿದು ನೋಡುತ್ತಿದ್ದರು. ಸೈರನ್ ಕೂಗಿದರೆ ಒಲೆಯ ಮೇಲಿಂದ ಅನ್ನ ಇಳಿಯಬೇಕು. ನಮ್ಮ ಬೀದಿಯಲ್ಲಿ ಗಡಿಯಾರ ನೋಡಿ ಬದುಕಿದವರು ಕಡಿಮೆ.

ಆಮೇಲೆ ಕಾಲ ತಿರುಗಿತು. ಇದ್ದಿಲಿನ ಜಾಗಕ್ಕೆ ವಿದ್ಯುತ್ ಕುಲುಮೆ ಬಂತು, ವಿದ್ಯುತ್ತಿನ ಬೆಲೆ ಏರಿತು. ದೊಡ್ಡ ಉಕ್ಕು ಕಾರ್ಖಾನೆಗಳ ಮುಂದೆ ನಮ್ಮದು ಪುಟ್ಟದಾಯಿತು. 1989ರಲ್ಲಿ ಕೇಂದ್ರದ ಉಕ್ಕು ಪ್ರಾಧಿಕಾರದ ತೆಕ್ಕೆಗೆ ಹೋಯಿತು. ಕೆಮ್ಮಣ್ಣುಗುಂಡಿಯ ಗಣಿ ನಿಂತದ್ದೇ ದೊಡ್ಡ ಪೆಟ್ಟು ಅಂತ ನನ್ನ ಅನಿಸಿಕೆ. ಸ್ವಂತ ಅದಿರಿಲ್ಲದ ಉಕ್ಕಿನ ಕಾರ್ಖಾನೆ ಎಷ್ಟು ದಿನ ಉಸಿರು ಹಿಡಿದೀತು? ಕನ್ನಡ ಪತ್ರಿಕೆಗಳಿಗೆ ಕಾಗದ ಕೊಟ್ಟ ಗಿರಣಿಯೂ 2015ರ ಹೊತ್ತಿಗೆ ನಿಂತಿತು.

2023ರ ಜನವರಿ. ಕುಲುಮೆಗೆ ನೂರು ತುಂಬಿದ ತಿಂಗಳು. ಅದೇ ತಿಂಗಳು ಕಬ್ಬಿಣದ ಕಾರ್ಖಾನೆ ಮುಚ್ಚುವ ನಿರ್ಧಾರ ಹೊರಬಿತ್ತು. ಗುತ್ತಿಗೆ ಕಾರ್ಮಿಕರು ಸಂಸಾರ ಸಮೇತ ಧರಣಿ ಕೂತರು. ಅವರು ಹಟ ಬಿಡಲಿಲ್ಲ. ಆಗಸ್ಟ್‌ನಲ್ಲಿ ಬಾರ್ ಮಿಲ್, ಅಂದರೆ ಉಕ್ಕಿನ ಸರಳು ಮಾಡುವ ಘಟಕ, ಮತ್ತೆ ತಿರುಗಿತು. ಆದರೆ ಉಕ್ಕಿನ ಗಟ್ಟಿಗಳು ಬಂದದ್ದು ಹೊರಗಿನಿಂದ.

ಅಂದು ನಾನು ಗೇಟಿನ ಹತ್ತಿರ ನಿಂತಿದ್ದೆ. ಒಳಗಿನಿಂದ ಸದ್ದು ಕೇಳಿದಾಗ ಪಕ್ಕದಲ್ಲಿದ್ದ ನಿವೃತ್ತ ಕಾರ್ಮಿಕರೊಬ್ಬರು ಚಪ್ಪಲಿ ಬಿಟ್ಟು ಕೈಮುಗಿದರು. ನಾನೂ ಮುಗಿದೆ.

ನಮಸ್ಕಾರ.