ನೋಟಿಸ್ ಬಂದರೆ ಹೋಗಿ ನಿಲ್ಲಿ

ನಮಸ್ಕಾರ. ಹಾಸನದಿಂದ ಮಾತನಾಡುತ್ತಿದ್ದೇನೆ. ಈ ವಾರ ಪೌತಿ ಖಾತೆಯ ಬಗ್ಗೆ, ಅಂದರೆ ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವ ಬಗ್ಗೆ, ಹೇಳುತ್ತೇನೆ ಎಂದಿದ್ದೆ. ಅದು ಮುಂದಿನ ವಾರಕ್ಕೆ. ಕಾರಣ, ಕಳೆದ ಸಂಚಿಕೆಗೆ ಒಬ್ಬರು ಬರೆದ ಪ್ರತಿಕ್ರಿಯೆ: ‘ವಕೀಲರನ್ನು ಇಡುವ ಶಕ್ತಿ ಇಲ್ಲದ ಹೆಂಗಸರು ಕೋರ್ಟಿಗೆ ಹೋಗಿ ಮಾಡುವುದೇನಿದೆ? ಮನೆಯಲ್ಲಿದ್ದರೆ ಮರ್ಯಾದೆಯಾದರೂ ಉಳಿಯುತ್ತದೆ.’

ಓದಿ ಮೈ ಉರಿಯಿತು. ಸ್ವಾಮಿ, ನಿಮ್ಮಂಥವರ ಈ ಮಾತು ಕೇಳಿಯೇ ಎಷ್ಟೋ ಹೆಣ್ಣುಮಕ್ಕಳು, ಎಷ್ಟೋ ಗಂಡಸರು ಕೂಡ, ಬಂದ ನೋಟಿಸನ್ನು ಬೀರುವಿನಲ್ಲಿಟ್ಟು ಸುಮ್ಮನಾಗುತ್ತಾರೆ. ಗಂಡ-ಹೆಂಡಿರ ಕೇಸು ಕೇಳುವ ಕೌಟುಂಬಿಕ ನ್ಯಾಯಾಲಯದ ವಿಷಯದಲ್ಲಿ ನಾನು ಹೇಳುವುದು ಒಂದೇ ಮಾತು. ನೋಟಿಸ್ ಬಂದರೆ ಹೋಗಿ ನಿಲ್ಲಿ. ವಕೀಲರಿದ್ದರೂ ಹೋಗಿ, ಇಲ್ಲದಿದ್ದರೂ ಹೋಗಿ.

ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆ ಬಂದದ್ದು 1984ರಲ್ಲಿ. ಅದರ 13ನೇ ಕಲಮು ಏನನ್ನುತ್ತದೆ ಗೊತ್ತೇ? ಆ ನ್ಯಾಯಾಲಯದಲ್ಲಿ ವಕೀಲರ ಮೂಲಕವೇ ವಾದಿಸುತ್ತೇನೆ ಎನ್ನುವ ಹಕ್ಕು ಯಾರಿಗೂ ಇಲ್ಲ. ವಕೀಲರು ಬರುತ್ತಾರೆ, ನಿಜ. ನ್ಯಾಯಾಲಯ ಒಪ್ಪಿದರೆ ಬರುತ್ತಾರೆ. ಆದರೆ ಕಾಯ್ದೆ ಬರೆದವರ ಕಣ್ಣ ಮುಂದೆ ಇದ್ದದ್ದು ತನ್ನ ಸಂಸಾರದ ಕಷ್ಟವನ್ನು ತಾನೇ ಹೇಳಿಕೊಳ್ಳುವ ಮನುಷ್ಯ. ಕಾನೂನಿನ ತಜ್ಞರ ಸಲಹೆ ಬೇಕೆನಿಸಿದರೆ ನ್ಯಾಯಾಧೀಶರೇ ಒಬ್ಬರನ್ನು ಸಹಾಯಕ್ಕೆ ನೇಮಿಸಿಕೊಳ್ಳಬಹುದು; ಅದೂ ಅದೇ ಕಲಮಿನಲ್ಲಿದೆ. ಮೊದಲು ರಾಜಿಗೆ ಪ್ರಯತ್ನಿಸಬೇಕು ಎನ್ನುತ್ತದೆ 9ನೇ ಕಲಮು. ಎರಡೂ ಕಡೆಯವರು ಬಾರದೆ ರಾಜಿ ಮಾತು ಯಾರ ಜೊತೆ ಆಡುವುದು?

‘ಗಂಡ ಬೆಂಗಳೂರಿನಲ್ಲಿದ್ದಾನೆ, ಕೇಸು ಹಾಕಲು ಅಲ್ಲಿಗೇ ಹೋಗಬೇಕಲ್ಲ’ ಎಂದು ಬೇಲೂರಿನಿಂದ ಒಬ್ಬ ಅಕ್ಕ ಕೇಳಿದ್ದಾರೆ. ಬೇಡ ಅಕ್ಕ. ಜೀವನಾಂಶದ ಅರ್ಜಿಯನ್ನು ನೀವು ವಾಸವಿರುವ ಜಿಲ್ಲೆಯಲ್ಲೇ ಹಾಕಬಹುದು. ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮು ಎಂದು ಎಲ್ಲರ ಬಾಯಲ್ಲಿದ್ದದ್ದು 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144 ಆಗಿದೆ. ಹಿಂದೂ ವಿವಾಹ ಕಾಯ್ದೆಯಲ್ಲಿ ಹೆಂಡತಿ ವಿಚ್ಛೇದನ ಕೋರುವಾಗಲೂ ಹಾಗೆಯೇ, ಆಕೆ ಇರುವ ಊರಿನ ವ್ಯಾಪ್ತಿಯ ನ್ಯಾಯಾಲಯ ಸಾಕು. ನಮ್ಮ ಹಾಸನದಲ್ಲಿ ಕೌಟುಂಬಿಕ ನ್ಯಾಯಾಲಯವಿದೆ. ಅದಿಲ್ಲದ ಕಡೆ ವಿಚ್ಛೇದನವನ್ನು ಸಿವಿಲ್ ನ್ಯಾಯಾಲಯ ಕೇಳುತ್ತದೆ, ಜೀವನಾಂಶವನ್ನು ಮ್ಯಾಜಿಸ್ಟ್ರೇಟರು ಕೇಳುತ್ತಾರೆ. ನಿಮಗೆ ನೋಟಿಸ್ ಬಂದಿದ್ದರೆ ಯಾವ ಕೋರ್ಟು, ಯಾವ ದಿನಾಂಕ, ಕೇಸಿನ ನಂಬರ್ ಏನು ಎಂಬುದೆಲ್ಲ ಅದರಲ್ಲೇ ಇರುತ್ತದೆ. ಓದಿ. ಓದಲು ಬಾರದಿದ್ದರೆ ಮಗಳ ಕೈಯಲ್ಲಿ ಓದಿಸಿ. ಆಮೇಲೆ ಹೋಗಿ ನಿಲ್ಲಿ.

ಅರ್ಜಿ ಕನ್ನಡದಲ್ಲೇ ಬರೆಯಬಹುದು. ಜಿಲ್ಲೆ, ತಾಲ್ಲೂಕು ನ್ಯಾಯಾಲಯಗಳಲ್ಲಿ ಕನ್ನಡ ನಡೆಯುತ್ತದೆ. ಮದುವೆ ಯಾವಾಗ ಆಯಿತು, ಮಕ್ಕಳೆಷ್ಟು, ಯಾವಾಗಿನಿಂದ ಬೇರೆ ಇದ್ದೀರಿ, ಆತನ ಆದಾಯವೇನು, ನಿಮ್ಮ ಖರ್ಚೇನು ಎಂಬುದನ್ನು ಬರೆಯಿರಿ. ಬೈಗುಳ ಬರೆಯಬೇಡಿ. ಮದುವೆಯ ಫೋಟೊ, ಲಗ್ನಪತ್ರಿಕೆ, ಆಧಾರ್, ಮಕ್ಕಳ ಶಾಲೆಯ ಶುಲ್ಕದ ರಸೀದಿ, ಎಲ್ಲದರ ನಕಲು ಜೊತೆಗಿರಲಿ. ಜೀವನಾಂಶದ ಕೇಸಿನಲ್ಲಿ ಎರಡೂ ಕಡೆಯವರು ಆಸ್ತಿ, ಸಾಲ, ಆದಾಯವನ್ನು ಅಫಿಡವಿಟ್‌ನಲ್ಲಿ, ಅಂದರೆ ಪ್ರಮಾಣ ಮಾಡಿ ಸಹಿ ಹಾಕಿದ ಹೇಳಿಕೆಯಲ್ಲಿ, ಬರೆದು ಕೊಡಬೇಕೆಂದು ಸುಪ್ರೀಂ ಕೋರ್ಟ್ 2020ರ ನವೆಂಬರಿನಲ್ಲಿ ಹೇಳಿದೆ. ಅರ್ಜಿ ಹಾಕಿದ ದಿನದಿಂದಲೇ ಜೀವನಾಂಶ ಲೆಕ್ಕವಾಗಬೇಕು ಎಂದೂ ಅದೇ ತೀರ್ಪಿನಲ್ಲಿದೆ. ಅಂದರೆ ನೀವು ಮರ್ಯಾದೆಗೆ ಅಂಜಿ ಮನೆಯಲ್ಲಿ ಕೂತ ತಿಂಗಳುಗಳ ಹಣ ನಿಮ್ಮ ಕೈತಪ್ಪಿತು! ಯಾರ ಮರ್ಯಾದೆ ಉಳಿಯಿತು ಇದರಲ್ಲಿ?

ಈ ವಿವರ ಉಪಯೋಗವಾಯಿತು ಅನ್ನಿಸಿದರೆ ಚಾನೆಲ್‌ಗೆ ಚಂದಾದಾರರಾಗಿ. ನಿಮ್ಮ ಮನೆಯ ವಾಟ್ಸ್‌ಆ್ಯಪ್ ಗುಂಪಿಗೂ ಕಳುಹಿಸಿ. ಅಲ್ಲಿ ದಿನಾ ಬೆಳಿಗ್ಗೆ ಹೂವಿನ ಚಿತ್ರ ಹಾಕುವ ಚಿಕ್ಕಪ್ಪನವರು ಇದನ್ನೂ ಒಮ್ಮೆ ಕೇಳಲಿ.

ಇನ್ನೊಬ್ಬರು ಬರೆದಿದ್ದಾರೆ: ‘ಎದುರಿನವರ ವಕೀಲರು ಪಾಟೀಸವಾಲು ಮಾಡಿದರೆ ಪಾಪ ಏನು ಹೇಳುತ್ತಾಳೆ?’ ಏನು ಹೇಳುತ್ತಾಳೆ! ನಡೆದದ್ದನ್ನು ಹೇಳುತ್ತಾಳೆ. ಇಷ್ಟು ವರ್ಷ ಸಂಸಾರ ಮಾಡಿದವಳು ಅವಳು, ಆ ವಕೀಲರಲ್ಲ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನುತ್ತಾಳೆ. ಸಾಕ್ಷ್ಯದ ಕಟ್ಟುನಿಟ್ಟಿನ ನಿಯಮಗಳನ್ನೂ ಈ ನ್ಯಾಯಾಲಯಕ್ಕೆ 14ನೇ ಕಲಮಿನಲ್ಲಿ ಸಡಿಲಿಸಿದ್ದಾರೆ. ಅಷ್ಟಾದರೂ ವಕೀಲರು ಬೇಕೇ ಬೇಕು ಅನ್ನಿಸಿತೇ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. 1987ರ ಕಾಯ್ದೆಯ 12ನೇ ಕಲಮಿನ ಪ್ರಕಾರ ಹೆಣ್ಣುಮಕ್ಕಳಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೆಂದು ಕೇಳದೆ ಉಚಿತ ವಕೀಲರನ್ನು ಕೊಡಬೇಕು. 15100ಕ್ಕೆ ಕರೆ ಮಾಡಿ. ದುಡ್ಡಿಲ್ಲ ಎಂಬ ಮಾತು ಅಲ್ಲಿಗೆ ಮುಗಿಯಿತು. ಆ ವಕೀಲರು ಸಿಗುವವರೆಗೂ ವಾಯಿದೆ ಕಾಯುವುದಿಲ್ಲ. ನೀವೇ ಹೋಗಿ ನಿಲ್ಲಬೇಕು, ‘ಕಾನೂನು ನೆರವಿಗೆ ಅರ್ಜಿ ಹಾಕಿದ್ದೇನೆ, ಕಾಲಾವಕಾಶ ಕೊಡಿ’ ಎಂದು ಕೇಳಬೇಕು.

ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ಈ ಮಹಾಶಯರು ಬರೆದಿಲ್ಲ. ಏಕಪಕ್ಷೀಯ ಆದೇಶವಾಗುತ್ತದೆ, ಅಂದರೆ ನಿಮ್ಮ ಮಾತು ಕೇಳದೆ ಎದುರಿನವರ ಮಾತಿನ ಮೇಲೇ ತೀರ್ಮಾನ. ವಿಚ್ಛೇದನದ ಏಕಪಕ್ಷೀಯ ಡಿಕ್ರಿ ರದ್ದುಪಡಿಸಿ ಎನ್ನಲು 30 ದಿನ, ಜೀವನಾಂಶದ ಆದೇಶಕ್ಕೆ ಮೂರು ತಿಂಗಳು. ಆಗಲೂ ‘ಏಕೆ ಬರಲಿಲ್ಲ’ ಎಂಬುದಕ್ಕೆ ಸರಿಯಾದ ಕಾರಣ ಕೊಡಬೇಕು. ‘ಕಾಫಿ ಕೊಯ್ಲು ಇತ್ತು’ ಎಂದರೆ ನಡೆಯುತ್ತದೆಯೇ? ಸಕಲೇಶಪುರ, ಮೂಡಿಗೆರೆ ಕಡೆಯವರೇ, ನಿಮಗೇ ಹೇಳುತ್ತಿದ್ದೇನೆ. ಒಂದು ದಿನದ ಕೂಲಿ ಹೋಗುತ್ತದೆ, ಒಪ್ಪುತ್ತೇನೆ, ಸಂಕಟವಾಗುತ್ತದೆ. ಆದರೂ ಬೆಳಗಿನ ಬಸ್ಸು ಹತ್ತಿ. ಜೀವನಾಂಶದ ಆದೇಶ ಕೈಗೆ ಬಂದವರೂ ಸುಮ್ಮನೆ ಕೂರಬೇಡಿ. ಬಾಕಿ ವಸೂಲಿಗೆ, ಹಣ ಕೊಡಬೇಕಾದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ವರ್ಷ ದಾಟಿದರೆ ಆ ತಿಂಗಳಿನ ಬಾಕಿಗೆ ವಾರಂಟ್ ಸಿಗುವುದಿಲ್ಲ.

ಹಾಸನಾಂಬೆಯ ಬಾಗಿಲು ತೆರೆಯುವುದು ವರ್ಷಕ್ಕೊಮ್ಮೆ. ಆಗ ಗಂಟೆಗಟ್ಟಲೆ ಸಾಲಿನಲ್ಲಿ ನಿಲ್ಲುತ್ತೇವಲ್ಲ, ಕಾಲು ನೋವೆಂದು ಯಾರಾದರೂ ವಾಪಸ್ ಬಂದಿದ್ದೇವೆಯೇ? ನ್ಯಾಯಾಲಯದಲ್ಲಿ ಹೆಸರು ಕೂಗುವವರೆಗೆ ಕಾಯಲು ಮಾತ್ರ ನಮಗೆ ನಾಚಿಕೆ! ಕಾದು ನಿಲ್ಲಿ. ಹೆಸರು ಕೂಗಿದಾಗ ‘ಇದ್ದೇನೆ ಸ್ವಾಮಿ’ ಎಂದು ಮುಂದೆ ಹೋಗಿ. ಮುಂದಿನ ದಿನಾಂಕ ಬರೆದುಕೊಳ್ಳದೆ ಹೊರಗೆ ಬರಬೇಡಿ. ಮೊಬೈಲಿನಲ್ಲಿ ಇ-ಕೋರ್ಟ್ಸ್ ಆ್ಯಪ್ ಇದೆ, ಕೇಸಿನ 16 ಅಂಕಿ, ಅಕ್ಷರಗಳ ಸಿಎನ್‌ಆರ್ ಸಂಖ್ಯೆ ಹಾಕಿದರೆ ದಿನಾಂಕ ತೋರಿಸುತ್ತದೆ.

‘ಜನ ನೋಡುತ್ತಾರೆ’ ಎನ್ನುತ್ತೀರಿ. ನೋಡಲಿ! ವಿಚಾರಣೆ ಗುಟ್ಟಾಗಿ ನಡೆಯಲಿ ಎಂದು ನೀವು ಕೋರಿದರೆ ನ್ಯಾಯಾಲಯ ಹಾಗೆಯೇ ನಡೆಸಬೇಕು, ಅದು ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 11ನೇ ಕಲಮು. ‘ಅತ್ತೆ ಏನೆನ್ನುತ್ತಾರೆ’ ಎನ್ನುತ್ತೀರಿ. ಅನ್ನಲಿ! ‘ವಕೀಲರಿಲ್ಲ’ ಎನ್ನುತ್ತೀರಿ. ಇಲ್ಲದಿದ್ದರೆ ಇಲ್ಲ, ನೀವಿದ್ದೀರಲ್ಲ! ಹೋಗಿ ನಿಲ್ಲಿ!

ಪ್ರತಿಕ್ರಿಯೆ ಬರೆದ ಮಹಾಶಯರೇ, ಇದಕ್ಕೂ ಏನಾದರೂ ಬರೆಯುತ್ತೀರಿ, ಗೊತ್ತು. ಬರೆಯಿರಿ, ಅಳಿಸುವುದಿಲ್ಲ. ಉಳಿದವರು ನಿಮ್ಮ ಪ್ರಶ್ನೆ ಕಳುಹಿಸಿ. ಹೆಸರು, ಕೇಸಿನ ನಂಬರ್ ಮಾತ್ರ ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಪೌತಿ ಖಾತೆ ಮುಂದಿನ ಶನಿವಾರ. ನಾಳೆ ಯಾರಿಗಾದರೂ ವಾಯಿದೆ ಇದೆಯೇ? ಹಾಗಿದ್ದರೆ ಈಗಲೇ ಫೋನು ಕೆಳಗಿಟ್ಟು ಕಾಗದಗಳನ್ನು ಜೋಡಿಸಿಕೊಳ್ಳಿ. ನಮಸ್ಕಾರ.