ಹೆಸರು ತೆಗೆದರೆ ಕಾರಣ ಬರೆದು ಕೊಡಿ

ಕೇಳುಗ ಬಂಧುಗಳಿಗೆ ನಮಸ್ಕಾರ.

ಈ ಹೊತ್ತಿನಲ್ಲಿ ಅಡುಗೆಮನೆಯ ಕೆಲಸ ಮುಗಿಸಿ ರೇಡಿಯೋ ಹಚ್ಚಿಕೊಂಡಿರುವ ತಾಯಂದಿರು, ಹೋಟೆಲಿನ ಗಲ್ಲಾದಲ್ಲಿ ಕುಳಿತಿರುವ ಹಿರಿಯರು, ಕಟ್ಟಡದ ಕೆಲಸದಿಂದ ಈಗತಾನೇ ಖೋಲಿಗೆ ಮರಳಿರುವ ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯ ಅಣ್ಣತಮ್ಮಂದಿರು, ಇವರೆಲ್ಲ ನನ್ನ ಮಾತು ಕೇಳುತ್ತಿದ್ದಾರೆಂದು ಭಾವಿಸಿಕೊಂಡು ಮಾತನಾಡುತ್ತೇನೆ. ಮೂವತ್ತು ವರ್ಷ ಮುಂಬಯಿಯ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಕಲಿಸಿದ ನಾನು, ನಿವೃತ್ತನಾದ ಮೇಲೆ ಪ್ರತಿ ಭಾನುವಾರ ನಮ್ಮ ಕನ್ನಡ ಸಂಘದ ಕೋಣೆಯಲ್ಲಿ ಒಂದು ಮೇಜು ಹಾಕಿಕೊಂಡು, ಸರ್ಕಾರದ ಅರ್ಜಿಗಳನ್ನು ತುಂಬಿಕೊಡುವ ಕೆಲಸ ಮಾಡುತ್ತಿದ್ದೇನೆ. ಇಂದು ನನಗೆ ಕೊಟ್ಟಿರುವ ವಿಷಯ ಸರ್ಕಾರಿ ಸಹಾಯಧನಗಳ ಸುಧಾರಣೆ ಮತ್ತು ಅದಕ್ಕೆ ಹೊಣೆಗಾರರಾದ ರಾಜಕಾರಣಿಗಳು ಎಂಬುದಾಗಿದೆ. ವಿಷಯ ದೊಡ್ಡದು, ಆದರೆ ನಾನು ಹೇಳಬೇಕಾದದ್ದು ಒಂದೇ ಮಾತು. ಬಡವರ ಪಟ್ಟಿಯಿಂದ ಒಂದು ಹೆಸರನ್ನು ತೆಗೆಯುವ ಮೊದಲು ಅದರ ಕಾರಣವನ್ನು ಆ ಮನುಷ್ಯನ ಕೈಗೆ ಬರಹದಲ್ಲಿ ಕೊಡಬೇಕು.

ನಮ್ಮಲ್ಲಿ ಈ ಚರ್ಚೆ ಯಾವಾಗಲೂ ಮೊತ್ತದ ಸುತ್ತಲೇ ತಿರುಗುತ್ತದೆ. 2024ರ ಜೂನ್ 28ರಂದು ಮಹಾರಾಷ್ಟ್ರದ ಅಂದಿನ ಹಣಕಾಸು ಸಚಿವ ಅಜಿತ್ ಪವಾರ್ ಅವರು ಬಜೆಟ್ಟಿನಲ್ಲಿ ‘ಮುಖ್ಯಮಂತ್ರಿ ಮಾಝೀ ಲಾಡ್ಕೀ ಬಹೀಣ್’ ಯೋಜನೆಯನ್ನು ಘೋಷಿಸಿದರು. ಕುಟುಂಬದ ವರ್ಷದ ಆದಾಯ ಎರಡೂವರೆ ಲಕ್ಷ ರೂಪಾಯಿಗಿಂತ ಕಡಿಮೆ ಇರುವ, 21ರಿಂದ 65 ವರ್ಷದ ಮಹಿಳೆಯರಿಗೆ ತಿಂಗಳಿಗೆ 1,500 ರೂಪಾಯಿ ಬರುವಂತಾಯಿತು. ಅದೇ ನವೆಂಬರಿನಲ್ಲಿ ವಿಧಾನಸಭೆಯ ಚುನಾವಣೆ ಬಂದಾಗ ಆಗ ಅಧಿಕಾರದಲ್ಲಿದ್ದ ಮಹಾಯುತಿ ಮೈತ್ರಿಕೂಟದವರು ಅದನ್ನು 2,100 ಮಾಡುತ್ತೇವೆಂದರು, ವಿರೋಧ ಪಕ್ಷಗಳ ಮಹಾವಿಕಾಸ್ ಆಘಾಡಿಯವರು 3,000 ಕೊಡುತ್ತೇವೆಂದರು. ಎರಡೂ ಕಡೆಯವರು ಮೊತ್ತವನ್ನು ಸವಾಲಿನಂತೆ ಏರಿಸುತ್ತಾ ಹೋದರೇ ಹೊರತು, ಹಣ ನಿಂತುಹೋದರೆ ಹೆಣ್ಣುಮಗಳೊಬ್ಬಳು ಯಾರನ್ನು ಕೇಳಬೇಕು, ಎಷ್ಟು ದಿನದಲ್ಲಿ ಉತ್ತರ ಸಿಗಬೇಕು ಎಂಬುದನ್ನು ಯಾವ ವೇದಿಕೆಯಿಂದಲೂ ಯಾರೂ ಹೇಳಿದ್ದನ್ನು ನಾನು ಕೇಳಲಿಲ್ಲ.

ಮುಂದಿನ ವರ್ಷ ಹಣ ನಿಂತೂ ನಿಂತಿತು. 2025ರ ಜುಲೈನಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಅದಿತಿ ತಟ್ಕರೆ ಅವರು, ಬೇರೆ ಇಲಾಖೆಗಳ ಮಾಹಿತಿಯೊಡನೆ ತಾಳೆ ನೋಡಿದಾಗ ಸುಮಾರು 26 ಲಕ್ಷ 34 ಸಾವಿರ ಫಲಾನುಭವಿಗಳು ಅನರ್ಹರೆಂದು ಕಾಣುತ್ತಿದೆ, ಆದ್ದರಿಂದ ಅವರ ಹಣವನ್ನು ತಾತ್ಕಾಲಿಕವಾಗಿ ತಡೆಹಿಡಿಯಲಾಗಿದೆ, ಜಿಲ್ಲಾಧಿಕಾರಿಗಳು ಪರಿಶೀಲಿಸಿದ ಮೇಲೆ ಅರ್ಹರಿಗೆ ಮತ್ತೆ ಆರಂಭಿಸಲಾಗುವುದು ಎಂದು ತಿಳಿಸಿದರು. ಈ ವಾಕ್ಯದ ಕ್ರಮವನ್ನು ದಯವಿಟ್ಟು ಗಮನಿಸಿ. ಮೊದಲು ತಡೆ, ಆಮೇಲೆ ಪರಿಶೀಲನೆ. ಪಟ್ಟಿಯಲ್ಲಿ ಗಂಡಸರ ಹೆಸರುಗಳೂ ಸರ್ಕಾರಿ ನೌಕರರ ಹೆಸರುಗಳೂ ಸಿಕ್ಕಿದ್ದು ನಿಜ, ಅವುಗಳನ್ನು ತೆಗೆಯಲೇಬೇಕಿತ್ತು, ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಆದರೆ ಕಳ್ಳನಿಗೂ ನ್ಯಾಯಾಲಯದಲ್ಲಿ ಆರೋಪಪಟ್ಟಿಯ ಪ್ರತಿಯನ್ನು ಕೊಡುವ ದೇಶ ನಮ್ಮದು. 1,500 ರೂಪಾಯಿಯಲ್ಲಿ ಮನೆಯ ಗ್ಯಾಸು, ಮಗುವಿನ ಟ್ಯೂಷನ್ನು ಹೊಂದಿಸಿಕೊಂಡಿದ್ದ ಹೆಣ್ಣುಮಗಳಿಗೆ ಒಂದು ಚೀಟಿಯನ್ನಾದರೂ ಕೊಡಬೇಡವೇ?

ಈಗ ನನ್ನ ಮೇಜಿನ ಬಳಿ ನಡೆದ ಒಂದು ಪ್ರಸಂಗವನ್ನು ಹೇಳುತ್ತೇನೆ. ಇದು ಬೇರೊಂದು ಪಿಂಚಣಿಯ ಕಥೆ. ಸ್ವಲ್ಪ ಉದ್ದವಾದರೂ ಸಹಿಸಿಕೊಳ್ಳಬೇಕು, ಏಕೆಂದರೆ ನನ್ನ ಮಾತೆಲ್ಲ ಹುಟ್ಟಿದ್ದು ಅಲ್ಲಿಂದಲೇ.

ಒಂದು ಮಳೆಗಾಲದ ಭಾನುವಾರ ವಿಜಯಪುರ ಜಿಲ್ಲೆಯ ಕಡೆಯ ಒಬ್ಬ ಹಿರಿಯ ಹೆಣ್ಣುಮಗಳು ಬಂದರು. ಗಂಡ ತೀರಿಕೊಂಡು ಹನ್ನೊಂದು ವರ್ಷ. ಮೂವತ್ತು ವರ್ಷಗಳಿಂದ ಧಾರಾವಿಯಲ್ಲಿದ್ದು, ಬೆಳಿಗ್ಗೆ ದಾದರ್ ಮಾರುಕಟ್ಟೆಯಿಂದ ಕೊತ್ತಂಬರಿ ತಂದು ಮನೆಯ ಮುಂದೆ ಕಟ್ಟು ಕಟ್ಟಿ ಮಾರುತ್ತಾರೆ. ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಪ್ಲಾಸ್ಟಿಕ್ ಚೀಲ, ಅದರೊಳಗೆ ಪಾಸ್‌ಬುಕ್ಕು, ಆಧಾರ್ ಕಾರ್ಡು, ರೇಷನ್ ಕಾರ್ಡು. ‘ಐದ್ ತಿಂಗಳಾತ್ರಿ ಸರ, ಪಗಾರ ನಿಂತದ’ ಎಂದರು. ನಮ್ಮ ಉತ್ತರ ಕರ್ನಾಟಕದ ಕಡೆ ಪಿಂಚಣಿಗೂ ಪಗಾರವೆಂದೇ ಹೇಳುವುದು, ಅದರಲ್ಲೇ ಅದು ತನ್ನದೆನ್ನುವ ಭಾವವಿದೆ. ಪಾಸ್‌ಬುಕ್ಕು ತೆರೆದು ನೋಡಿದೆ. ಪ್ರತಿ ತಿಂಗಳೂ ಒಂದೇ ಮೊತ್ತ ಜಮೆಯಾಗುತ್ತಾ ಬಂದು, ಫೆಬ್ರವರಿಯ ಸಾಲಿನ ಕೆಳಗೆ ಪುಟ ಖಾಲಿಯಿತ್ತು. ಆ ಖಾಲಿ ಪುಟದ ಮೇಲೆ ಅವರು ಬೆರಳಿಟ್ಟು ತೋರಿಸಿದರು.

ಕಚೇರಿಗೆ ಹೋಗಿದ್ದಿರಾ ಎಂದು ಕೇಳಿದೆ. ಏಳು ಸಲ ಹೋಗಿದ್ದರು. ಹೋದ ದಿನಗಳನ್ನು ಅವರು ತಾರೀಖಿನಿಂದಲ್ಲ, ವ್ಯಾಪಾರ ತಪ್ಪಿದ ದಿನಗಳೆಂದು ನೆನಪಿಟ್ಟಿದ್ದರು. ಕಿಟಕಿಯೊಳಗಿನವರು ಕಂಪ್ಯೂಟರ್ ನೋಡಿ ‘ಯಾದೀತ್ ನಾವ್ ನಾಹೀ’ ಎನ್ನುತ್ತಿದ್ದರಂತೆ. ‘ಯಾದ್ಯಾಗ ಹೆಸರಿಲ್ಲ ಅಂದ್ರ ಯಾಕಿಲ್ರೀ ಅಂತ ಕೇಳಿದ್ನಿ. ಇಲ್ಲಂದ್ರ ಇಲ್ಲ, ಬ್ಯಾಂಕಿಗೆ ಹೋಗಂದ್ರು. ಬ್ಯಾಂಕಿನ್ಯಾವ್ರು ಆಫೀಸಿಗೆ ಹೋಗಂದ್ರು’ ಎಂದರು. ಏಳು ಸಲವೂ ಅವರು ಅರ್ಜಿ ಕೊಟ್ಟಿರಲಿಲ್ಲ, ಬಾಯಿಮಾತಿನಲ್ಲಿ ಕೇಳಿದ್ದರು, ಬಾಯಿಮಾತಿನಲ್ಲೇ ಉತ್ತರ ಬಂದಿತ್ತು. ಕಾಗದದಲ್ಲಿ ನೋಡಿದರೆ ಅವರು ಆ ಕಚೇರಿಗೆ ಒಂದು ಸಲವೂ ಹೋಗಿರಲಿಲ್ಲ!

ಅಂದೇ ಮಾಹಿತಿ ಹಕ್ಕಿನ ಅರ್ಜಿ ಬರೆದೆವು. 2005ರ ಈ ಕಾಯ್ದೆಯ ಪ್ರಕಾರ ಮೂವತ್ತು ದಿನಗಳಲ್ಲಿ ಉತ್ತರ ಕೊಡಬೇಕು. ಹತ್ತು ರೂಪಾಯಿಯ ಕೋರ್ಟ್ ಫೀ ಸ್ಟ್ಯಾಂಪು ಅಂಟಿಸಿ, ಇವರ ಪಿಂಚಣಿ ಯಾವ ದಿನಾಂಕದಂದು, ಯಾರ ಆದೇಶದಿಂದ, ಯಾವ ಕಾರಣಕ್ಕೆ ನಿಂತಿತು ಎಂಬ ಮೂರು ಪ್ರಶ್ನೆಗಳನ್ನಷ್ಟೇ ಕೇಳಿದೆವು. ಇಪ್ಪತ್ತೇಳನೆಯ ದಿನ ಅಂಚೆಯಲ್ಲಿ ಉತ್ತರ ಬಂತು. ಆಧಾರಿನಲ್ಲಿರುವ ಹೆಸರಿಗೂ ಕಚೇರಿಯ ದಾಖಲೆಯಲ್ಲಿರುವ ಹೆಸರಿಗೂ ತಾಳೆಯಾಗದ್ದರಿಂದ ಪಾವತಿಯನ್ನು ತಡೆಹಿಡಿಯಲಾಗಿದೆ ಎಂದು ಮರಾಠಿಯಲ್ಲಿ ಒಂದು ಸಾಲು ಇತ್ತು.

ಕಾಗದಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಊರಿನಲ್ಲಿ ಮಾಡಿಸಿದ ಆಧಾರಿನಲ್ಲಿ ಅವರ ಹೆಸರು ‘ಅವ್ವ’ ಎಂದು ಮುಗಿಯುತ್ತದೆ. ಇಲ್ಲಿನ ರೇಷನ್ ಕಾರ್ಡಿನಲ್ಲಿ ಅದೇ ಹೆಸರು ‘ಬಾಯಿ’ ಎಂದು ಮುಗಿಯುತ್ತದೆ. ಅಲ್ಲಿ ಗಂಡನ ಹೆಸರಿಲ್ಲ, ಇಲ್ಲಿ ನಡುವೆ ಗಂಡನ ಹೆಸರು ಬಂದು ಕೂತಿದೆ. ಅಡ್ಡಹೆಸರು ಒಂದರಲ್ಲಿದೆ, ಇನ್ನೊಂದರಲ್ಲಿಲ್ಲ. ಮುಂಬಯಿಗೆ ಬಂದ ನಮ್ಮ ಕಡೆಯ ಹೆಣ್ಣುಮಕ್ಕಳಲ್ಲಿ ಎಷ್ಟು ಜನ ‘ಅವ್ವ’ಗಳನ್ನು ಗುಮಾಸ್ತರು ‘ಬಾಯಿ’ ಮಾಡಿ ಬರೆದಿದ್ದಾರೆಂಬುದು ಈ ಮೇಜಿನ ಮುಂದೆ ಕುಳಿತ ಮೇಲೆಯೇ ನನಗೆ ಅರ್ಥವಾದದ್ದು. ಅವರು ತಪ್ಪು ಮಾಡಿರಲಿಲ್ಲ, ಅನರ್ಹರೂ ಆಗಿರಲಿಲ್ಲ. ಇಬ್ಬರೂ ಒಬ್ಬರೇ ಎಂದು ಒಂದು ಪ್ರತಿಜ್ಞಾಪತ್ರ ಮಾಡಿಸಲು ನಮಗೆ ಬೇಕಾದದ್ದು ಒಂದು ಬೆಳಗಿನ ಹೊತ್ತು ಮಾತ್ರ. ಎರಡು ತಿಂಗಳಲ್ಲಿ ಪಿಂಚಣಿ ಮತ್ತೆ ಬಂತು. ಆ ಮರಾಠಿ ಸಾಲನ್ನು ನಾನು ಕನ್ನಡದಲ್ಲಿ ಓದಿ ಹೇಳಿದಾಗ ಅವರು ಬಹಳ ಹೊತ್ತು ಕಾಗದವನ್ನೇ ನೋಡುತ್ತಾ ಇದ್ದು, ‘ಇಷ್ಟಕ್ಕ ಐದ್ ತಿಂಗಳೇನ್ರಿ ಸರ?’ ಎಂದು ಕೇಳಿದರು.

ಆ ಒಂದು ಸಾಲು ಫೆಬ್ರವರಿಯಲ್ಲೇ ಅವರ ಕೈಗೆ ಬಂದಿದ್ದರೆ ಮಾರ್ಚಿನಲ್ಲೇ ಕೆಲಸ ಮುಗಿಯುತ್ತಿತ್ತು. ಆದ್ದರಿಂದಲೇ ಮತ್ತೆ ಮತ್ತೆ ಹೇಳುತ್ತೇನೆ, ಹೆಸರು ತೆಗೆಯುವ ಮೊದಲು ಕಾರಣವನ್ನು ಬರೆದು ಕೊಡಿ.

ಇದು ಆಗದ ಮಾತು, ಆಡಳಿತಕ್ಕೆ ಹೊರೆ ಎಂದು ಅಧಿಕಾರಿಗಳು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಇದೇ ಮಹಾರಾಷ್ಟ್ರ ಇದಕ್ಕಿಂತ ಎಷ್ಟೋ ದೊಡ್ಡ ಹೊರೆಯನ್ನು ಹೊತ್ತು ತೋರಿಸಿದೆ. 1972ರ ಭೀಕರ ಬರವನ್ನು ನಮ್ಮ ವಿಜಯಪುರದ ಹಿರಿಯರು ಇಂದಿಗೂ ಮರೆತಿಲ್ಲ. ಆ ದಿನಗಳಲ್ಲಿ ಇಲ್ಲಿನ ವಿಧಾನ ಪರಿಷತ್ತಿನ ಸಭಾಪತಿಗಳಾಗಿದ್ದ ಸಾಂಗ್ಲಿ ಜಿಲ್ಲೆಯ ವಿ. ಸ. ಪಾಗೆ ಅವರ ವಿಚಾರದಿಂದ ಉದ್ಯೋಗ ಖಾತರಿ ಯೋಜನೆ ರೂಪುಗೊಂಡಿತು. ಅದು ಆದೇಶದಲ್ಲೇ ನಿಲ್ಲಲಿಲ್ಲ. 1977ರಲ್ಲಿ ಕಾಯ್ದೆಯಾಗಿ, 1979ರ ಜನವರಿ 26ರಿಂದ ಜಾರಿಗೆ ಬಂತು. ಕೆಲಸ ಕೇಳಿದವನಿಗೆ ಹದಿನೈದು ದಿನಗಳೊಳಗೆ ಕೆಲಸ, ಕೊಡಲಾಗದಿದ್ದರೆ ನಿರುದ್ಯೋಗ ಭತ್ಯೆ ಎಂದು ಅದರಲ್ಲಿ ಬರೆದಿತ್ತು. ಅದರ ಖರ್ಚಿಗಾಗಿ ಮುಂಬಯಿಯಂಥ ನಗರಗಳಲ್ಲಿ ಸಂಬಳ ಪಡೆಯುವವರ ಮೇಲೆ ವೃತ್ತಿ ತೆರಿಗೆ ಹಾಕಿದರು. ನಮ್ಮ ಸಂಬಳದ ಚೀಟಿಯಲ್ಲಿ ಈಗಲೂ ತಿಂಗಳಿಗೆ 200 ರೂಪಾಯಿ ಕಡಿತವಾಗುವುದನ್ನು ನೀವು ನೋಡಿರಬಹುದು. ಬರದಲ್ಲಿ ಕಲ್ಲು ಒಡೆಯಲು ಬಂದ ರೈತ ಅಲ್ಲಿ ಯಾರ ಕೃಪೆಯನ್ನೂ ಬೇಡಬೇಕಾಗಿರಲಿಲ್ಲ, ಕಾಯ್ದೆಯ ಬಲದಿಂದ ಕೇಳುತ್ತಿದ್ದ. 2005ರಲ್ಲಿ ಇಡೀ ದೇಶಕ್ಕೆ ಉದ್ಯೋಗ ಖಾತರಿಯ ಕಾಯ್ದೆ ಬಂದಾಗ ಎದುರಿಗಿದ್ದ ಮಾದರಿ ಇದೇ. ಇಂದಿನ ನಗದು ಯೋಜನೆಗಳು ಹಾಗಲ್ಲ. ಅವು ಸರ್ಕಾರಿ ಆದೇಶದಿಂದ ಹುಟ್ಟುತ್ತವೆ, ಮತ್ತೊಂದು ಆದೇಶದಿಂದ ಬದಲಾಗುತ್ತವೆ. ಕೊಡುವಾಗ ನಾಯಕರ ಭಾವಚಿತ್ರ ಊರ ತುಂಬ ಇರುತ್ತದೆ, ನಿಲ್ಲಿಸುವಾಗ ಯಾರೊಬ್ಬರ ಸಹಿಯೂ ಇರುವುದಿಲ್ಲ. ಇದನ್ನು ನೋಡಿ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಇನ್ನೂ ಹೇಳಬೇಕಾದವು ಹಲವಿದ್ದವು, ಸಮಯ ಸಾಲುತ್ತಿಲ್ಲ, ಬೇಗ ಬೇಗ ಹೇಳಿಬಿಡುತ್ತೇನೆ. ಸಂಜಯ್ ಗಾಂಧಿ ನಿರಾಧಾರ ಅನುದಾನ ಯೋಜನೆ 1980ರಷ್ಟು ಹಳೆಯದು, ಅನಾಥರು, ವಿಧವೆಯರಂಥ ನಿರ್ಗತಿಕರಿಗೆ ಮೀಸಲಾದದ್ದು. ಅದರಲ್ಲಿ ಅಂಥವರಿಗೆ ಕುಟುಂಬದ ಆದಾಯದ ಮಿತಿ ವರ್ಷಕ್ಕೆ 21,000 ರೂಪಾಯಿ, ಅಂದರೆ ಇಡೀ ಮನೆಗೆ ದಿನಕ್ಕೆ 58 ರೂಪಾಯಿಗಿಂತ ಕಡಿಮೆ. ಮುಂಬಯಿಯಲ್ಲಿ ಅಷ್ಟಕ್ಕೆ ಮನೆಮಂದಿಗೆಲ್ಲ ಒಂದೊಂದು ವಡಾಪಾವ್ ಬರುವುದೂ ಕಷ್ಟ. ಲಾಡ್ಕೀ ಬಹೀಣ್‌ಗೆ ಎರಡೂವರೆ ಲಕ್ಷದ ಮಿತಿ, ನಿರ್ಗತಿಕ ವಿಧವೆಗೆ 21,000ದ ಮಿತಿ! ಹೀಗೆ ಮಿತಿ ಇಟ್ಟರೆ ಬಡವರು ಆದಾಯದ ದಾಖಲೆಯಲ್ಲಿ ಸುಳ್ಳು ಬರೆಸಲೇಬೇಕಾಗುತ್ತದೆ, ಬರೆಸಿದ ಮೇಲೆ ಹೆದರಿಕೊಂಡೇ ಬದುಕಬೇಕಾಗುತ್ತದೆ, ಹೆದರಿದವರು ಕಾರಣ ಕೇಳುವುದಿಲ್ಲ. ಕೇಂದ್ರ ಸರ್ಕಾರದ ವೃದ್ಧಾಪ್ಯ ಪಿಂಚಣಿಯ ಪಾಲಂತೂ 80ರೊಳಗಿನವರಿಗೆ 2007ರಿಂದಲೂ ಅದೇ 200 ರೂಪಾಯಿ. ಇದರ ಹೊಣೆಯಿಂದ ಯಾವ ಪಕ್ಷವೂ ತಪ್ಪಿಸಿಕೊಳ್ಳುವಂತಿಲ್ಲ, ಈ ಅವಧಿಯಲ್ಲಿ ಎರಡೂ ದೊಡ್ಡ ಪಕ್ಷಗಳು ದಿಲ್ಲಿಯಲ್ಲಿ ಅಧಿಕಾರ ನಡೆಸಿವೆ.

2025ರ ಸೆಪ್ಟೆಂಬರಿನಲ್ಲಿ ಲಾಡ್ಕೀ ಬಹೀಣ್‌ಗೆ ಇ-ಕೆವೈಸಿ, ಅಂದರೆ ಆನ್‌ಲೈನಿನಲ್ಲಿ ಗುರುತು ದೃಢಪಡಿಸುವುದನ್ನು, ಕಡ್ಡಾಯ ಮಾಡಿದಾಗ ಹೆಣ್ಣುಮಗಳ ಆಧಾರಿನ ಜೊತೆಗೆ ಗಂಡನ ಅಥವಾ ತಂದೆಯ ಆಧಾರನ್ನೂ ಕೇಳಿದರು. ಗಂಡನೂ ಇಲ್ಲದ, ತಂದೆಯೂ ಇಲ್ಲದ ಹೆಂಗಸರು ನನ್ನ ಮೇಜಿನ ಮುಂದೆ ಸಾಲುಗಟ್ಟಿದರು. ಗಡುವನ್ನು ಡಿಸೆಂಬರ್ 31ಕ್ಕೆ ಮುಂದೂಡಿ, ಅಂಥವರು ಮರಣ ಪ್ರಮಾಣಪತ್ರ ಕೊಡಬಹುದೆಂದು ದಾರಿ ಮಾಡಿದ್ದು ಆಮೇಲಿನ ಮಾತು. ವಿಧವೆಯರೂ ಇರುವ ಯೋಜನೆಗೆ ನಮೂನೆ ಬರೆದವರಿಗೆ ವಿಧವೆಯರ ನೆನಪು ಮೊದಲೇ ಬರಬೇಕಿತ್ತು. ಗೋವೆಯ ಕೇಳುಗರಿಗೆ ಒಂದು ಮಾತು. ಪಿಂಚಣಿ ಕೊಡುವ ದಯಾನಂದ ಸಾಮಾಜಿಕ ಭದ್ರತಾ ಯೋಜನೆಗೂ ಗೃಹಿಣಿಯರಿಗೆ ಸಹಾಯಧನ ಕೊಡುವ ಗೃಹ ಆಧಾರಕ್ಕೂ ಅಲ್ಲಿ 15 ವರ್ಷಗಳ ವಾಸದ ದಾಖಲೆ ಬೇಕು. ವಾಸ್ಕೋದಲ್ಲಿ ಬಾಡಿಗೆ ಮನೆಗಳನ್ನು ಬದಲಿಸುತ್ತಾ ಬದುಕಿದವರು ಹಳೆಯ ಕಾಗದಗಳನ್ನು ಎಸೆಯಬೇಡಿ.

ನಾನು ಕೇಳುವ ಸುಧಾರಣೆಗೆ ಹೊಸ ಶೋಧನೆಯೇನೂ ಬೇಕಿಲ್ಲ. ಮಹಾರಾಷ್ಟ್ರದಲ್ಲಿ 2015ರ ಲೋಕಸೇವಾ ಹಕ್ಕು ಕಾಯ್ದೆ ಇದೆ, ಕರ್ನಾಟಕದಲ್ಲಿ ಸಕಾಲ ಇರುವ ಹಾಗೆ. ಆ ಕಾಯ್ದೆಯಡಿ ಬರುವ ಸೇವೆಗಳಿಗೆ ಅರ್ಜಿ ಕೊಟ್ಟಾಗ ಸ್ವೀಕೃತಿ ಕೊಡಬೇಕು, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ತಿಳಿಸಬೇಕು, ಮೇಲ್ಮನವಿಗೆ ಅವಕಾಶ ಕೊಡಬೇಕು. ಹೊಸ ಅರ್ಜಿಗೆ ಸಲ್ಲುವ ಈ ಮರ್ಯಾದೆ, ಪಟ್ಟಿಯಲ್ಲಿ ಈಗಾಗಲೇ ಇರುವ ಹೆಸರಿಗೂ ಸಲ್ಲಲಿ. ತೆಗೆಯುವ ಮೊದಲು ನೋಟಿಸು, ನೋಟಿಸಿನಲ್ಲಿ ಕಾರಣ, ಉತ್ತರಿಸಲು ಮೂವತ್ತು ದಿನ, ಅಲ್ಲಿಯವರೆಗೆ ಹಣ ನಿಲ್ಲಕೂಡದು. ಇದನ್ನು ವಿಧಾನಸಭೆಯಲ್ಲಿ ಕಾಯ್ದೆಯಾಗಿ ಮಾಡಬೇಕು. ಮುಂದಿನ ಸಲ ನಿಮ್ಮ ವಠಾರಕ್ಕೆ ಮತ ಕೇಳಲು ಬರುವವರನ್ನು ಎಷ್ಟು ಕೊಡುತ್ತೀರಿ ಎಂದು ಮಾತ್ರ ಕೇಳಿ ಕಳಿಸಬೇಡಿ. ನಿಲ್ಲಿಸುವಾಗ ಬರೆದು ಕೊಡುತ್ತೀರಾ ಎಂದೂ ಕೇಳಿ.

ಅಲ್ಲಿಯವರೆಗೆ ಯಾವ ಕಚೇರಿಗೆ ಹೋದರೂ ಬಾಯಿಮಾತಿನಲ್ಲಿ ಕೇಳಿ ಮರಳಬೇಡಿ. ಅರ್ಜಿಯ ಎರಡು ಪ್ರತಿ ಒಯ್ಯಿರಿ, ಒಂದನ್ನು ಕೊಟ್ಟು, ಇನ್ನೊಂದರ ಮೇಲೆ ಸಿಕ್ಕಾ ಮತ್ತು ತಾರೀಖು ಹಾಕಿಸಿಕೊಳ್ಳಿ. ಮರಾಠಿಯಲ್ಲಿ ಅದಕ್ಕೆ ‘ಪೋಚ್’ ಎನ್ನುತ್ತಾರೆ. ‘ಪೋಚ್ ದ್ಯಾ’, ಅಂದರೆ ಸ್ವೀಕೃತಿ ಕೊಡಿ, ಎಂಬ ಎರಡು ಶಬ್ದ ಕಲಿತಿಟ್ಟುಕೊಳ್ಳಿ. ಆ ಕೊತ್ತಂಬರಿ ಮಾರುವ ತಾಯಿ ಈಗ ತಮ್ಮ ಗಲ್ಲಿಯ ನಾಲ್ಕು ಜನ ಹೆಂಗಸರಿಗೆ ಇದನ್ನು ಕಲಿಸಿ, ಅವರನ್ನೂ ಕರೆದುಕೊಂಡು ಭಾನುವಾರ ಹತ್ತು ಗಂಟೆಗೆ ನಮ್ಮ ಮೇಜಿನ ಬಳಿ ಬರುತ್ತಾರೆ. ಬರುವಾಗ ಪಾಸ್‌ಬುಕ್ಕು, ಆಧಾರು, ರೇಷನ್ ಕಾರ್ಡು ಮೂರನ್ನೂ ತಂದು, ಮೂರರಲ್ಲೂ ಹೆಸರು ಹೇಗೆ ಮುಗಿಯುತ್ತದೆ ಎಂದು ತಾವೇ ಮೊದಲು ತಾಳೆ ನೋಡಿಕೊಂಡಿರುತ್ತಾರೆ.

ನಮಸ್ಕಾರ.