ಸಿಗಡಿಗೆ ಹದಿನೈದು ನಿಮಿಷ ಸಾಲದು

ನಮಸ್ಕಾರ. ಮುಂಬಯಿಯ ಕುರ್ಲಾದ ಮೀನು ಬಜಾರಿಗೆ ಹೋಗಿ, ಕ್ರಾಫರ್ಡ್ ಮಾರ್ಕೆಟ್ಟಿಗೆ ಹೋಗಿ, ಅಕ್ವೇರಿಯಂನಲ್ಲಿ ಸಾಕುವ ಪುಟ್ಟ ಚೆರ್ರಿ ಸಿಗಡಿ ಕೊಂಡರೆ ಅಂಗಡಿಯವರು ಹೇಳುವುದು ಸಾಮಾನ್ಯವಾಗಿ ಒಂದೇ ಮಾತು: "ಥೈಲಿಯನ್ನು ಹದಿನೈದು ನಿಮಿಷ ಟ್ಯಾಂಕಿನಲ್ಲಿ ತೇಲಿಸಿ, ಆಮೇಲೆ ಬಿಟ್ಟುಬಿಡಿ." ಸಿಗಡಿಯ ಮಟ್ಟಿಗೆ ಈ ಸಲಹೆ ನಿಲ್ಲಬೇಕು ಅಂತ ನಾನು ಹೇಳ್ತೀನಿ.

ಥೈಲಿ ತೇಲಿಸಿದರೆ ಸಮವಾಗುವುದು ಬಿಸಿ-ತಂಪು ಮಾತ್ರ. ನೀರಿನಲ್ಲಿ ಕರಗಿರುವ ಲವಣಗಳು ಹಾಗೇ ಇರುತ್ತವೆ, ಸಿಗಡಿಗೆ ಪೆಟ್ಟು ಕೊಡುವುದೇ ಅವುಗಳ ವ್ಯತ್ಯಾಸ. ಅದು ದಿಢೀರ್ ಎದುರಾದರೆ ಸಿಗಡಿ ಅಕಾಲದಲ್ಲಿ ಪೊರೆ ಕಳಚಲು ಹೊರಟು, ಅರ್ಧದಲ್ಲೇ ಸಿಕ್ಕಿಕೊಂಡು ಸಾಯಬಹುದು. ಅದೂ ಅವತ್ತೇ ಅಲ್ಲ, ಎಷ್ಟೋ ಸಲ ಕೆಲವು ದಿನ ಕಳೆದ ಮೇಲೆ. ಅಷ್ಟರಲ್ಲಿ ನಾವು ಆಹಾರವನ್ನು ದೂರಿರುತ್ತೇವೆ, ಫಿಲ್ಟರ್ ಬದಲಿಸಿರುತ್ತೇವೆ. ನಿಜವಾದ ಕಾರಣ ಯಾರ ಕಣ್ಣಿಗೂ ಬೀಳುವುದಿಲ್ಲ.

ಮುಂಬಯಿಯಲ್ಲಂತೂ ಇದು ಇನ್ನೂ ಮುಖ್ಯ. ಪಾಲಿಕೆಯ ನೀರು ವಿಹಾರ್, ತುಳಸಿ, ತಾನ್ಸಾ, ಭಾತ್ಸಾದಂಥ ಏಳು ಕೆರೆ-ಜಲಾಶಯಗಳದ್ದು, ಮಳೆನೀರು, ಮೃದು, ಅಂದರೆ ಲವಣ ಕಡಿಮೆ. ಆದರೆ ಬೇಸಿಗೆ ಬಂದರೆ ಎಷ್ಟೋ ಸೊಸೈಟಿಗಳ ಟಾಕಿಗೆ ಟ್ಯಾಂಕರ್ ನೀರೂ ಬೋರ್‌ವೆಲ್ ನೀರೂ ಸೇರುತ್ತದೆ. ಅಂಗಡಿಯ ನೀರು ಒಂದು, ನಿಮ್ಮ ಮನೆಯದು ಇನ್ನೊಂದು. ನೀರಿನಲ್ಲಿ ಒಟ್ಟು ಎಷ್ಟು ಲವಣ ಕರಗಿದೆ ಅಂತ ತೋರಿಸುವ ಟಿಡಿಎಸ್ ಮೀಟರ್ ಕೆಲವು ನೂರು ರೂಪಾಯಿಗೆ ಸಿಗುತ್ತದೆ, ಥೈಲಿಯ ನೀರನ್ನೂ ಟ್ಯಾಂಕಿನ ನೀರನ್ನೂ ಅಳೆದು ನೋಡಿ. ಚೆರ್ರಿ ಸಿಗಡಿಗೆ 150ರಿಂದ 250 ಪಿಪಿಎಂ (ಹತ್ತು ಲಕ್ಷದಲ್ಲಿ ಇಷ್ಟು ಭಾಗ) ಆಸುಪಾಸು ಹಿತ. ಲವಣಗಳನ್ನು ಬಹುತೇಕ ಸೋಸಿ ತೆಗೆದ ಬರೀ ಆರ್‌ಓ ನೀರು ಬೇಡ, ಪೊರೆ ಗಟ್ಟಿಯಾಗಲು ಅದಕ್ಕೆ ಕ್ಯಾಲ್ಸಿಯಂ ಬೇಕು.

ಮಾಡಬೇಕಾದ್ದು ಕಷ್ಟವೇನಲ್ಲ. ಸಿಗಡಿಗಳನ್ನು ಥೈಲಿಯ ನೀರಿನ ಸಮೇತ ಒಂದು ಡಬ್ಬಿಗೆ ಬಗ್ಗಿಸಿ ಟ್ಯಾಂಕಿಗಿಂತ ಕೆಳಗಿಡಿ. ಏರ್ ಪಂಪಿನ ತೆಳು ಪೈಪಿಗೆ ಸಡಿಲ ಗಂಟು ಹಾಕಿ, ಟ್ಯಾಂಕಿನ ನೀರು ಸೆಕೆಂಡಿಗೆ ಎರಡು ಹನಿಯಂತೆ ಡಬ್ಬಿಗೆ ಬೀಳಲಿ. ನೀರು ಮೂರು ಪಟ್ಟು ಆಗುವವರೆಗೆ ಕಾಯಿರಿ. ಒಂದೆರಡು ಗಂಟೆ ಹಿಡಿದರೂ ಹಿಡಿಯಲಿ. ಆಮೇಲೆ ಜಾಲರಿಯಲ್ಲಿ ಸಿಗಡಿಗಳನ್ನಷ್ಟೇ ಎತ್ತಿ ಬಿಡಿ, ಆ ನೀರನ್ನು ಟ್ಯಾಂಕಿಗೆ ಸುರಿಯಬೇಡಿ. ಲೈಟ್ ಆರಿಸಿ. ಮೊದಲ ದಿನ ಆಹಾರ ಹಾಕದಿದ್ದರೂ ನಡೆಯುತ್ತದೆ.

ಕೊರಿಯರ್‌ನಲ್ಲಿ ದಿನಗಟ್ಟಲೆ ಪ್ರಯಾಣಿಸಿ ಬಂದ ಸಿಗಡಿಯ ಮಾತು ಬೇರೆ. ಮುಚ್ಚಿದ ಥೈಲಿಯಲ್ಲಿ ಕಾರ್ಬನ್ ಡೈಆಕ್ಸೈಡ್ ತುಂಬಿ ಪಿಎಚ್ ಇಳಿದಿರುತ್ತದೆ, ಅಂದರೆ ನೀರು ಆಮ್ಲದ ಕಡೆ ವಾಲಿರುತ್ತದೆ, ಅದರಿಂದ ಸಿಗಡಿಯ ದೇಹದಿಂದ ಹೊರಬಿದ್ದ ಅಮೋನಿಯದ ವಿಷ ತಗ್ಗಿರುತ್ತದೆ. ಬಾಯಿ ಬಿಚ್ಚಿದ ಕೂಡಲೇ ಪಿಎಚ್ ಏರಿ ಆ ವಿಷ ಜೋರಾಗುತ್ತದೆ. ಅಂಥವುಗಳಿಗೆ ಹನಿ ಬೇಗ ಮುಗಿಸಿ, ಹಳೆ ನೀರನ್ನು ನಡುನಡುವೆ ಚೆಲ್ಲುತ್ತಾ ಬನ್ನಿ.

ಇನ್ನು, ನಿನ್ನೆ ಹೊಸದಾಗಿ ತುಂಬಿದ ಟ್ಯಾಂಕಿಗೆ ಎಷ್ಟು ಹನಿಸಿದರೂ ಪ್ರಯೋಜನವಿಲ್ಲ. ಸಿಗಡಿ ಮೇಯುವುದು ಗಾಜು, ಕಲ್ಲು, ಗಿಡಗಳ ಮೇಲೆ ಕಟ್ಟುವ ಪಾಚಿ ಮತ್ತು ಸೂಕ್ಷ್ಮಜೀವಿಗಳ ಪದರವನ್ನು. ಅದು ಕೂಡಲು, ಅಮೋನಿಯ ಸೊನ್ನೆಗೆ ಬರಲು ವಾರಗಳೇ ಬೇಕು. ತಾಮ್ರ ಬೆರೆತ ಮೀನಿನ ಔಷಧಿ ಆ ಟ್ಯಾಂಕಿನ ಹತ್ತಿರ ಸುಳಿಯಲೇಬಾರದು.

ಮುಂದಿನ ಸಲ ಅಂಗಡಿಯಲ್ಲಿ ಬೆಲೆ ಕೇಳುವ ಮೊದಲು "ಭಾಯ್, ನಿಮ್ಮ ನೀರಿನ ಟಿಡಿಎಸ್ ಎಷ್ಟು?" ಅಂತ ಕೇಳಿ. ಗೊತ್ತಿಲ್ಲ ಅಂದರೆ ಅಲ್ಲೇ ನಿಮ್ಮ ಮೀಟರ್ ಅದ್ದಿ ನೋಡಿ, ಅವರಿಗೂ ತೋರಿಸಿ.